ಕ್ಲಚ್ಚೋ, ನನ್ನ ಕೈಯೋ

ಅಂಬಾಜಿದುರ್ಗದ ಬೆಟ್ಟದ ಹಿಂಬದಿಯ ಕಲ್ಲುದಾರಿಯಲ್ಲಿ ಆ ಭಾನುವಾರ ನನ್ನ ಡರ್ಟ್ ಬೈಕ್ ಅರಚಿತೇ ಹೊರತು ಹತ್ತಲಿಲ್ಲ. ಎಂಜಿನ್ನಿನ ಸದ್ದು ಮುಗಿಲು ಮುಟ್ಟುತ್ತಿತ್ತು, ಚಕ್ರಕ್ಕೆ ಮಾತ್ರ ಸೋಮಾರಿತನ. ಕ್ಲಚ್ ಜಾರುತ್ತಿದೆ ಎಂದೆ. ಆಗಲೇ ಏರು ಹತ್ತಿ ಮೇಲೆ ನಿಂತಿದ್ದ ನನ್ನ ಗಂಡ ನಕ್ಕರು. “ಕ್ಲಚ್ ಅಲ್ಲ ಕಣೇ, ನಿನ್ ಕೈ. ಏರು ಕಂಡ್ರೆ ಸಾಕು, ಅರ್ಧ ಕ್ಲಚ್ ಹಿಡ್ಕೊಂಡೇ ಇರ್ತೀಯ.”

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. “ಬಿಚ್ಚಿ ರಿಪೇರಿ ಮಾಡ್ತೀನಿ. ಆಮೇಲೂ ಹತ್ತಲಿಲ್ಲ ಅಂದ್ರೆ ಗಾಡಿ ಮಾರ್ಬಿಡ್ತೀನಿ” ಎಂದುಬಿಟ್ಟೆ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ಚಿಂತಾಮಣಿಯ ಕಚೇರಿಯಲ್ಲಿ ವಾರವಿಡೀ ಫೈಲು ತಿರುವಿಹಾಕುವ ನನಗೆ ಆ ಗಾಡಿಯೆಂದರೆ ಪ್ರಾಣ.

ಮುಂದಿನ ಶನಿವಾರ ರಜೆ. ಜಂಗಮಕೋಟೆಯ ನಮ್ಮ ಮನೆಯಲ್ಲಿ ರೇಷ್ಮೆಹುಳುಗಳು ಜ್ವರಕ್ಕೆ ಕೂತಿದ್ದವು. ಪೊರೆ ಬಿಡುವ ಮೊದಲು ಹುಳು ಮೇವು ಬಿಟ್ಟು, ತಲೆಯೆತ್ತಿ ಅಲ್ಲಾಡದೆ ಇರುವುದನ್ನೇ ನಾವು ಜ್ವರ ಎನ್ನುವುದು. ಆಗ ಹಾಸಿಗೆ ಒದ್ದೆಯಾಗದಂತೆ ಸುಣ್ಣದ ಪುಡಿ ಉದುರಿಸಬೇಕು. ಪೊರೆ ಬಿಟ್ಟು ಜ್ವರ ಎದ್ದ ಮೇಲೆ ಮೊದಲ ಸೊಪ್ಪು ಹಾಕುವುದು ನನ್ನ ಅತ್ತೆ ಮಾತ್ರ. ಕೈಗುಣದ ವಿಷಯದಲ್ಲಿ ಅವರು ಯಾರನ್ನೂ ನಂಬರು, ಹೆತ್ತ ಮಗನನ್ನೂ. ಇನ್ನು ಪೆಟ್ರೋಲು, ಆಯಿಲ್ಲಿನ ವಾಸನೆ ಹುಳುಮನೆಯ ಹತ್ತಿರ ಸುಳಿಯುವಂತೆಯೇ ಇಲ್ಲ. ಹಾಗಾಗಿ ನನ್ನ ವರ್ಕ್‌ಶಾಪು ಕೊಟ್ಟಿಗೆಯ ಆಚೆ, ಹೊಂಗೆಮರದ ಕೆಳಗೆ.

ಪೆಟ್ರೋಲ್ ಕೊಳಾಯಿ ಮುಚ್ಚಿ, ಬೈಕನ್ನು ಗೋಣಿಚೀಲದ ಮೇಲೆ ಎಡಮಗ್ಗುಲಿಗೆ ಮಲಗಿಸಿದೆ. ಕ್ಲಚ್ ಇರುವುದು ಬಲಗಡೆ. ಹೀಗೆ ಮಲಗಿಸಿದರೆ ಆಯಿಲ್ ಇಳಿಸುವ ರಗಳೆಯಿಲ್ಲ. ಬೋಲ್ಟುಗಳನ್ನು ಬಿಚ್ಚಿ ಮುಚ್ಚಳ ಎತ್ತಿದಾಗ ನನಗಾದ ಖುಷಿಯನ್ನು ಏನೆಂದು ಹೇಳಲಿ! ಇಷ್ಟು ದಿನ ಬೆರಳ ತುದಿಯಲ್ಲಿ ಆಡಿಸುತ್ತಿದ್ದುದನ್ನು ಮೊದಲ ಸಲ ಕಣ್ಣಾರೆ ನೋಡುತ್ತಿದ್ದೆ. ಸ್ಪ್ರಿಂಗುಗಳನ್ನು ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಸಡಿಲಿಸಿ ತೆಗೆದೆ. ಪ್ಲೇಟುಗಳು ಒಂದರ ಹಿಂದೊಂದು ಬಂದವು, ಒಂದು ಉಕ್ಕಿನದು, ಒಂದು ಕಂದು ಪಟ್ಟಿ ಅಂಟಿಸಿದ್ದು. ಬಂದ ಕ್ರಮದಲ್ಲೇ ಅಟ್ಟದಿಂದ ಇಳಿಸಿ ತಂದಿದ್ದ ಹಳೆಯ ಬಿದಿರು ತಟ್ಟೆಯಲ್ಲಿ ಜೋಡಿಸಿದೆ. ಹಿಂದೆ ಅದರಲ್ಲೇ ಹುಳು ಸಾಕುತ್ತಿದ್ದರು.

ಮೊದಲು ಕಂದು ಪ್ಲೇಟುಗಳ ದಪ್ಪ ಅಳೆದೆ. ಸರಿಯಾಗಿತ್ತು. ಉಕ್ಕಿನವನ್ನು ಕನ್ನಡಿಯ ಮೇಲಿಟ್ಟು ಒತ್ತಿ ನೋಡಿದೆ, ಒಂದೂ ಸೊಟ್ಟಗಾಗಿರಲಿಲ್ಲ. ಪ್ಲೇಟು ಕೂರುವ ಬುಟ್ಟಿಯ ಅಂಚಿಗೆ ಉಗುರು ಆಡಿಸಿದೆ, ಎಲ್ಲೂ ಸಿಕ್ಕಿಕೊಳ್ಳಲಿಲ್ಲ. ಕಾಫಿ ಹಿಡಿದು ಬಂದ ನನ್ನ ಗಂಡ, “ಫೋಟೊ ತೆಗೀಲಾ? ಮಾರೋಕೆ ಹಾಕ್ಬೇಕಲ್ಲ” ಎಂದರು. ಕಾಫಿಯನ್ನು ಪಕ್ಕಕ್ಕಿಟ್ಟು ಮತ್ತೆ ಗಾಡಿಯ ಮೇಲೆ ಬಗ್ಗಿದೆ.

ಉಳಿದದ್ದು ಸ್ಪ್ರಿಂಗು. ಬೇಕಾದೀತೆಂದು ಮೊದಲೇ ತಂದಿಟ್ಟಿದ್ದ ಪೊಟ್ಟಣದಿಂದ ಹೊಸದೊಂದನ್ನು ತೆಗೆದು ಹಳೆಯದರ ಪಕ್ಕ ನಿಲ್ಲಿಸಿದೆ. ಹಳೆಯದು ಗಿಡ್ಡ! ಇನ್ನೊಂದು, ಅದೂ ಗಿಡ್ಡ. ಎಲ್ಲವೂ ಕುಸಿದು ಕೂತಿದ್ದವು. ನಾನು ಕೂತಲ್ಲೇ ಕುಣಿದೆ. ಗಂಡ ಬಗ್ಗಿ ನೋಡಿ, “ನಿನ್ ಅರ್ಧ ಕ್ಲಚ್ಚಿನ ಬಿಸಿಗೇ ಕುಸಿದಿರ್ಬೇಕು” ಎಂದರು. ಸೋಲೊಪ್ಪುವ ಜಾತಿಯೇ ಅಲ್ಲ. ಇನ್ನು ಬೆಟ್ಟವೇ ಹೇಳಬೇಕಿತ್ತು.

ಕಂದು ಪ್ಲೇಟುಗಳನ್ನು ಹೊಸ ಆಯಿಲ್ಲಿನಲ್ಲಿ ನೆನೆಸಿ, ತಟ್ಟೆಯಲ್ಲಿ ಹರಡಿ ಊಟಕ್ಕೆ ಹೋದೆ. ಬಂದು ನೋಡಿದರೆ ಎಲ್ಲವೂ ಬೆಳ್ಳಗೆ. ಸುಣ್ಣದ ಪುಡಿಯ ಬಟ್ಟೆಗಂಟು ಹಿಡಿದ ಅತ್ತೆ ಪಕ್ಕದಲ್ಲೇ ನಿಂತಿದ್ದರು.

“ತಟ್ಟೆ ಒದ್ದೆಯಾಗಿತ್ತಲ್ಲಮ್ಮ, ಕೈ ತಾನಾಗೇ ಉದುರಿಸ್ಬಿಡ್ತು. ಆಮೇಲೆ ನೋಡಿದ್ರೆ ಹುಳ ಅಲ್ಲ, ನಿನ್ ಬಿಲ್ಲೆಗಳು.”

ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಅತ್ತೆಯ ಮುಖ ಸಪ್ಪಗಾಗಿದ್ದು ನೋಡಿ ನಗುವೇ ಬಂತು. ಒಂದೊಂದನ್ನೂ ಪೆಟ್ರೋಲಿನಲ್ಲಿ ತೊಳೆದು, ಒರೆಸಿ, ಮತ್ತೆ ನೆನೆಸಿದೆ. ಅತ್ತೆ ಮೂಗಿಗೆ ಸೆರಗು ಹಿಡಿದು ದೂರದಲ್ಲೇ ಕೂತರು. “ಇದು ಹತ್ತಲಿಲ್ಲ ಅಂದ್ರೆ ಮಾರ್ತೀಯಂತೆ, ನಿಜವೇನಮ್ಮ?” ಎಂದು ಕೇಳಿದರು. “ಮಾತು ಕೊಟ್ಟಿದ್ದೀನಲ್ಲ ಅತ್ತೆ” ಎಂದೆ. ಅವರು ನನ್ನ ಕೈಕೆಲಸವನ್ನೇ ನೋಡುತ್ತಾ ಕೂತರು. ಸಂಜೆಯ ಹೊತ್ತಿಗೆ ಹೊಸ ಸ್ಪ್ರಿಂಗು ಕೂರಿಸಿ, ಮುಚ್ಚಳ ಬಿಗಿದು, ಕ್ಲಚ್ ಲಿವರಿನ ಬುಡದಲ್ಲಿ ಒಂದು ನಾಣ್ಯ ತೂರುವಷ್ಟು ಸಡಿಲ ಬಿಟ್ಟೆ.

ಭಾನುವಾರ ಅದೇ ಕಲ್ಲುದಾರಿ. ಗಂಡ ಈ ಸಲ ಕೆಳಗೇ ನಿಂತರು. ಕ್ಲಚ್ ಪೂರ್ತಿ ಬಿಟ್ಟೆ. ಸದ್ದು ಏರಿದಂತೆ ಚಕ್ರವೂ ಏರಿತು. ಕಲ್ಲು ಚಿಮ್ಮಿತು, ಮುಂದಿನ ಚಕ್ರ ಹಗುರಾಯಿತು, ನಾನು ಕೂಗುತ್ತಲೇ ಇದ್ದೆ. ಏನು ಕೂಗಿದೆನೋ ಗೊತ್ತಿಲ್ಲ. ಬಂಡೆಯ ತಲೆ ಮುಟ್ಟಿ ಗಾಡಿ ನಿಲ್ಲಿಸಿದೆ. ಗಂಡ ಏದುಸಿರು ಬಿಡುತ್ತಾ ನಡೆದೇ ಹತ್ತಿ ಬಂದು, “ಸ್ಪ್ರಿಂಗೇ ಕಣೇ, ನಿನ್ ಕೈ ಅಲ್ಲ” ಎಂದರು. ಆ ಒಂದು ಮಾತಿಗೆ ನಾನು ವಾರವೆಲ್ಲ ಕಾದಿದ್ದೆ.

ಮನೆಗೆ ಬಂದಾಗ ಅತ್ತೆ ಹುಳುಮನೆಯ ಬಾಗಿಲಲ್ಲಿ ಸೊಪ್ಪಿನ ಬುಟ್ಟಿ ಹಿಡಿದು ನಿಂತಿದ್ದರು. ಹುಳುಗಳು ಜ್ವರ ಎದ್ದಿದ್ದವು.

“ಹತ್ತಿದ್ಯಾ?”

“ಹತ್ತಿದೆ ಅತ್ತೆ.”

“ಹಂಗಾದ್ರೆ ಸ್ನಾನ ಮಾಡಿ, ಕೈ ಚೆನ್ನಾಗಿ ತೊಳ್ಕೊಂಡು ಬಾರಮ್ಮ. ಆಯಿಲ್ ವಾಸ್ನೆ ಚೂರೂ ಇರ್ಬಾರ್ದು” ಎಂದು ಬುಟ್ಟಿಯನ್ನು ಬಾಗಿಲ ಪಕ್ಕ ಇಳಿಸಿದರು. “ಮೊದಲ ಸೊಪ್ಪು ಇವತ್ತು ನೀನು ಹಾಕು.”