ಬಿಸಿಯೂಟದ ಅಕ್ಕನ ಕಜ್ಜಾಯ

ಟೀವಿಯಲ್ಲಿ ಮಾಟಗಾತಿ ಬಂದರೆ ನನ್ನ ಅವ್ವ ಒಲೆಯ ಮೇಲಿನ ಸಾರನ್ನೂ ಮರೆಯುತ್ತಾಳೆ. ಕಪ್ಪು ಸೀರೆ, ಬಿಚ್ಚಿದ ಕೂದಲು, ದಪ್ಪ ಕಾಡಿಗೆ. ಥೂ, ಎಂಥ ಸುಳ್ಳು! ಒಬ್ಬಳನ್ನು ಮಾಟಗಾತಿ ಮಾಡಲು ನಮ್ಮಲ್ಲಿ ಅಷ್ಟೆಲ್ಲ ವೇಷ ಬೇಕಿಲ್ಲ. ನಾನೇ ಒಬ್ಬಳನ್ನು ಮಾಡಿದ್ದೇನೆ.

ಕೃಷ್ಣರಾಜಪೇಟೆ ಹತ್ತಿರದ ನಮ್ಮೂರ ಶಾಲೆಯಲ್ಲಿ ನಾನು ವಿಜ್ಞಾನದ ಟೀಚರು. ಹೋದ ವರ್ಷ ಉಂಡ ಕೂಡಲೇ ಹೊಟ್ಟೆ ನುಲಿಯುತ್ತಿತ್ತು. ಮಾತ್ರೆಗೆ ಬಗ್ಗಲಿಲ್ಲ. "ಯಾರೋ ಮದ್ದಿಕ್ಕವ್ರೆ ಕಣವ್ವ, ತೆಗೆಸ್ಬುಡಾನ ಬಾ," ಎಂದಳು ಅವ್ವ. ಆಗದವರು ತಿಂಡಿಯಲ್ಲಿ ಬೆರೆಸಿಕೊಟ್ಟ ಮದ್ದು ಹೊಟ್ಟೆಗೆ ಅಂಟಿಕೊಂಡು ಮನುಷ್ಯರನ್ನು ಸೊರಗಿಸುತ್ತದೆಂದು ನಮ್ಮ ಕಡೆ ಈಗಲೂ ನಂಬುತ್ತಾರೆ. ನೋವು ತಾಳಲಾರದೆ ಹೋದೆ. ನಾಗಮಂಗಲದ ಕಡೆಯ ಒಬ್ಬ ಮುದುಕ ಸೊಪ್ಪಿನ ರಸ ಕುಡಿಸಿ ವಾಂತಿ ಮಾಡಿಸಿದ. ಅದರಲ್ಲಿದ್ದ ಕರ್ರಗಿನ ಉಂಡೆಯನ್ನು ಕಡ್ಡಿಯಲ್ಲಿ ತೋರಿಸಿ, "ಯಾರ ಕೈಲಿ ತಿಂದ್ಯವ್ವ? ಎಸ್ರು ಯೋಳು, ಇಲ್ದಿದ್ರೆ ವಾಸಿಯಾಗಾಕಿಲ್ಲ," ಎಂದ.

ಹೇಳಿಬಿಟ್ಟೆ. ನಮ್ಮ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವ ಅಕ್ಕ, ಗಂಡನಿಲ್ಲದವಳು, ಹಬ್ಬಕ್ಕೆಂದು ನನಗೆ ಕಜ್ಜಾಯ ಕೊಟ್ಟಿದ್ದಳು. ಆ ಹೊತ್ತಿನಲ್ಲಿ ನನಗೆ ಅದೊಂದೇ ನೆನಪಾಯಿತು.

ನಾವು ಬಸ್ಸಿಳಿಯುವ ಮೊದಲೇ ಅವ್ವ ಫೋನಿನಲ್ಲಿ ಊರಿಗೆಲ್ಲ ಊದಿದ್ದಳು. ವಾರದೊಳಗೆ ಮಕ್ಕಳು ಮನೆಯಿಂದ ಬುತ್ತಿ ತರತೊಡಗಿದರು. ಅಕ್ಕ ಬೇಯಿಸಿದ ಅನ್ನ ಪಾತ್ರೆಯಲ್ಲೇ ಆರುತ್ತಿತ್ತು. ನನ್ನ ನೋವು ಮಾತ್ರ ಹೋಗಿರಲಿಲ್ಲ; ಅಷ್ಟರಲ್ಲಿ ಸ್ಕ್ಯಾನಿಂಗ್ ಮಾಡಿಸಿದ್ದೆ. ಪಿತ್ತಕೋಶದಲ್ಲಿ ಕಲ್ಲಿತ್ತು, ಅಷ್ಟೇ. ಅವಳ ಕೆಲಸದ ಬಗ್ಗೆ ತೀರ್ಮಾನಿಸಲು ಶಾಲೆಯಲ್ಲಿ ಸಭೆ ಸೇರಿದಾಗ ರಿಪೋರ್ಟು ನನ್ನ ಬ್ಯಾಗಿನಲ್ಲೇ ಇತ್ತು.

"ಟೀಚರಮ್ಮಂಗೇ ಇಕ್ಬುಟ್ಳಲ್ಲ, ಇನ್ನು ಮಕ್ಕಳನ್ನ ಬುಟ್ಟಾಳಾ?" ಎಂದು ಒಬ್ಬ ಕೂಗಿದ. ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು. ವಿಜ್ಞಾನ ಹೇಳಿಕೊಡುವವಳು ಮದ್ದು ತೆಗೆಸಲು ಹೋಗಿ ಮೋಸಹೋದೆ ಎಂದು ಅಷ್ಟು ಜನರೆದುರು ಒಪ್ಪಿಕೊಳ್ಳಲು ನನಗೆ ನಾಚಿಕೆ. ಬಾಯಿ ಬಿಡಲಿಲ್ಲ. ಹೇಡಿ ನಾನು. ಅವತ್ತೇ ಅವಳನ್ನು ಕೆಲಸದಿಂದ ತೆಗೆದರು.

ಆಪರೇಷನ್ ಆಗಿ ತಿಂಗಳು ಕಳೆದ ಮೇಲೆ ಅವಳ ಮನೆಗೆ ಹೋದೆ. ಕಲ್ಲಿನ ವಿಷಯ, ರಿಪೋರ್ಟಿನ ವಿಷಯ ಎಲ್ಲ ಹೇಳಿ ಅತ್ತೆ. ಮತ್ತೆ ಸಭೆ ಸೇರಿಸುತ್ತೇನೆ ಎಂದೆ.

"ಈಗ ಬ್ಯಾರೆಯೋಳು ಬೇಯಿಸ್ತಾವ್ಳೆ, ಬುಡವ್ವ," ಎಂದಳು, ಬಾಗಿಲಲ್ಲೇ ಕೂತು ಸೊಪ್ಪು ಸೋಸುತ್ತ.

ಅವಳ ಕೈಯಿಂದ ನಾನು ಏನಾದರೂ ತೆಗೆದುಕೊಳ್ಳುವುದನ್ನು ಬೀದಿಯವರು ನೋಡಲಿ ಎನ್ನಿಸಿತು. "ಒಂದು ಲೋಟ ನೀರಾದರೂ ಕೊಡಕ್ಕ," ಎಂದೆ.

ಅವಳು ಗಾಬರಿಯಿಂದ ಎದ್ದು ಬಿಂದಿಗೆಗೆ ಅಡ್ಡ ನಿಂತಳು.

"ಬ್ಯಾಡ ಕಣವ್ವ, ನಿನ್ ದಮ್ಮಯ್ಯ. ನಾಳೆ ನಿಂಗೆ ನೆಗಡಿ ಬಂದ್ರೂ ನನ್ನೇ ತೋರಿಸ್ತೀಯ."