ಶ್ರಾವಣ ಕಳೆಯುವವರೆಗೆ ಕೊಲ್ಲುವಂತಿಲ್ಲ

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವರಲ್ಲಿ ನಾನೇ ಮೊದಲಿಗಳು. ಇದನ್ನು ಸಂಕೋಚವಿಲ್ಲದೆ ಹೇಳಿಕೊಳ್ಳುತ್ತೇನೆ, ಪುಕ್ಕಟೆ ಬಂದದ್ದಲ್ಲ. ಅಪ್ಪ ಪೀಣ್ಯದ ಕಾರ್ಖಾನೆಯಲ್ಲಿ ಲೇತ್ ಮುಂದೆ ನಿಂತು, ನಾನು ಟಿ. ದಾಸರಹಳ್ಳಿಯ ಒಂದೇ ಕೋಣೆಯ ಮನೆಯಲ್ಲಿ ಟಿವಿಗೆ ಬೆನ್ನು ಹಾಕಿ ಕೂತು, ಇಬ್ಬರೂ ಸೇರಿ ತೆಗೆದ ಬಿ.ಎಸ್ಸಿ. ಅದು. ಆ ಬಿ.ಎಸ್ಸಿ.ಯನ್ನು ನೋಡಿ ಒಂದು ಕಂಪನಿ ನನಗೆ ಕೊಟ್ಟ ಕೆಲಸ, ದಿನವಿಡೀ ಜನರನ್ನು ಕೊಲ್ಲುವುದು.

ವಿಡಿಯೋ ಗೇಮ್‌ನಲ್ಲಿ. ಬಿಡುಗಡೆಗೆ ಮೊದಲು ಆಡಿ ನೋಡಿ ತಪ್ಪು ಹುಡುಕುವ ಟೆಸ್ಟರ್ ನಾನು. ಅಪ್ಪ ನೆಂಟರಿಗೆ 'ಸಾಫ್ಟ್‌ವೇರ್ ಟೆಸ್ಟಿಂಗ್' ಎಂದು ಹೇಳಿ ಅಲ್ಲಿಗೇ ನಿಲ್ಲಿಸುತ್ತಿದ್ದರು. ಅಪ್ಪನಿಗೆ ನಾನು ಹೇಳಿದ್ದೂ ಅಷ್ಟೇ.

ಆ ಗೇಮ್ ಹೋದಲ್ಲೆಲ್ಲ ಜಗಳ. ಒಂದು ದೇಶದ ಸೆನ್ಸಾರ್ ಮಂಡಳಿ ರಕ್ತ ಕೆಂಪಗಿರಬಾರದು ಎಂದಿತು, ಹಸಿರು ಮಾಡಿದರು. ಇನ್ನೊಂದು ದೇಶ ಹೆಣಗಳು ಬಿದ್ದಲ್ಲೇ ಬಿದ್ದಿರಬಾರದು ಎಂದಿತು, ಮಾಯವಾಗುವಂತೆ ಮಾಡಿದರು. ಮೂರನೆಯ ದೇಶ ಗೇಮನ್ನು ಒಳಗೇ ಬಿಟ್ಟುಕೊಳ್ಳಲಿಲ್ಲ. ಕೊಲ್ಲಲು ಮನಸ್ಸಿಲ್ಲದವನಿಗೆ ಇದರಲ್ಲಿ ದಾರಿಯೇ ಇಲ್ಲ ಎಂಬುದು ಅದರ ತಕರಾರು. ಇದೆ, ಅವಿತುಕೊಂಡು ಹೋದರಾಯಿತು ಎಂದು ಹೊರದೇಶದ ತಯಾರಕರು ಉತ್ತರ ಬರೆದು ಮತ್ತೆ ಅರ್ಜಿ ಹಾಕಿದ್ದರು. ಹೀಗೆ ದೇಶಕ್ಕೊಂದು ಗೇಮ್ ಆಯಿತು, ನಮಗೆ ಮಾತ್ರ ಪ್ರತಿ ಸಲವೂ ಮೊದಲಿನಿಂದ ಕೊಲ್ಲುವ ಕೆಲಸ. ಬಿಡುಗಡೆ ಸುಸೂತ್ರವಾದರೆ ನನ್ನನ್ನು ಕಾಯಂ ಮಾಡುವುದಾಗಿ ಹೇಳಿದ್ದರು.

ಮನೆಯಿಂದಲೇ ಕೆಲಸ. ಮನೆ ಎಂದರೆ ದೊಡ್ಡನೆಕ್ಕುಂದಿಯಲ್ಲಿ ಟೆರೇಸಿನ ಮೇಲಿನ ಒಂದು ರೂಮು. ಓನರ್ ಅಜ್ಜಿ ಹಳೇ ಊರಿನವರು, ಅವರು ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಮೂರು ಮಹಡಿ ಎದ್ದಿದೆ. ಒಂಟಿ ಹುಡುಗಿಗೆ ಕೊಡೋದಿಲ್ಲ ಎಂದು ಬೀದಿಯವರೆಲ್ಲ ಹೇಳಿದ ಮೇಲೆ, ಓದಿರೋ ಮಗು, ಇರ್ಲಿ ಬಿಡು ಎಂದವರು ಅವರೊಬ್ಬರೇ. ಆ ರೂಮು ಹೋದರೆ ನಾನು ದಾಸರಹಳ್ಳಿಗೆ ವಾಪಸ್. ಅಲ್ಲಿ ಒಂದೇ ಕೋಣೆ. ಅಪ್ಪನ ಎದುರಿಗೇ ಕೊಲ್ಲಬೇಕು.

ಒಂದು ಮಧ್ಯಾಹ್ನ ನಮ್ಮ ತಂಡದ ಲೀಡ್ ಜೊತೆ ಕಾಲ್‌ನಲ್ಲಿದ್ದೆ. "ಎರಡ್ಸಲ ಹೊಡ್ದೆ ಗುರು, ಸತ್ತ. ಆದ್ರೆ ಹೆಣ ಮಾಯ ಆಗ್ತಿಲ್ಲ, ಬಾಗಿಲ ಹತ್ರನೇ ಬಿದ್ದಿದೆ" ಎನ್ನುತ್ತ ತಿರುಗಿದರೆ, ಒಣಗಿದ ಬಟ್ಟೆಯ ರಾಶಿ ಹೊತ್ತು ಅಜ್ಜಿ ಬಾಗಿಲಲ್ಲಿ ನಿಂತಿದ್ದರು.

ಮೊದಲು ಮಂಚದ ಕೆಳಗೆ ಬಗ್ಗಿ ನೋಡಿದರು. ಆಮೇಲೆ ಸ್ಕ್ರೀನ್ ನೋಡಿದರು. ನಾನು ಇದ್ದದ್ದನ್ನೆಲ್ಲ ಬಿಡಿಸಿ ಹೇಳಿದೆ.

"ಇದ್ಯಾವ್ ತಿಂಗ್ಳು ಗೊತ್ತೇನವ್ವ?"

ಆಗಸ್ಟ್ ಎಂದೆ.

"ಸ್ರಾವಣ. ಸ್ರಾವಣ ಕಳಿಯೋಗಂಟ ಈ ಮನೇಲಿ ಕೋಳಿನೂ ಕುಯ್ಯಲ್ಲ. ನೀನು ಮನುಸ್ರನ್ನ ಕುಯ್ತಾ ಕುಂತಿದ್ದೀಯ."

ಇದು ನಿಜವಲ್ಲ ಎಂದೆ. ನಿಜ ಅಲ್ದಿದ್ರೆ ಸಂಬ್ಳ ಯಾಕ್ ಕೊಡ್ತಾರೆ ಎಂದರು. ಹಸಿರು ರಕ್ತ ತೋರಿಸಿದೆ. ಬಣ್ಣ ಯಾವ್ದಾದ್ರೇನು, ಪ್ರಾಣ ಓಯ್ತಲ್ಲ ಎಂದರು. ಶ್ರಾವಣ ಕಳೆದು ಗಣೇಶನನ್ನು ನೀರಿಗೆ ಬಿಟ್ಟ ಮೇಲೆ ಎಷ್ಟು ಬೇಕಾದರೂ ಕಡಿದುಕೋ. ಅಲ್ಲಿಯವರೆಗೆ ಒಂದು ಜೀವ ಹೋದರೂ ರೂಮು ಖಾಲಿ ಮಾಡು. ಇಷ್ಟು ಹೇಳಿ ಇಳಿದು ಹೋದರು. ಅದು ಅಹಿಂಸೆಯ ಮಾತೇ ಅಲ್ಲ, ದಿನ ನೋಡಿ ಮಾಡು ಎಂದಷ್ಟೇ. ಅಷ್ಟು ದೇಶಗಳ ಮಂಡಳಿಗಳಲ್ಲಿ ಒಂದಕ್ಕೂ ಹೊಳೆಯದ ಷರತ್ತು.

ಬಾಗಿಲು, ಏಣಿ, ಮೆನು ಎಲ್ಲ ನಾನು ನೋಡ್ಕೋತೀನಿ ಎಂದು ಲೀಡ್‌ಗೆ ಹೇಳಿದೆ. ನನ್ನ ಪಾಲಿನ ಕೊಲೆಗಳನ್ನು ಜೊತೆಯವರು ಖುಷಿಯಿಂದ ಹಂಚಿಕೊಂಡರು. ಅಜ್ಜಿ ದಿನಾ ಬಟ್ಟೆಯ ನೆಪದಲ್ಲಿ ತಪಾಸಣೆಗೆ ಬರುತ್ತಿದ್ದರು, ಬರುಬರುತ್ತ ಮಂಚದ ತುದಿಗೆ ಕೂರತೊಡಗಿದರು. ಮೆನು ನೋಡಿ ಅವರಿಗೂ ಬೇಸರ, ನನಗೂ ಬೇಸರ. ಕೊಲ್ಲದೆ ಎಲ್ಲಿವರೆಗೆ ಹೋಗಬಹುದೋ ನೋಡೇಬಿಡೋಣ ಎಂದು ಅವಿತುಕೊಂಡು ಹೊರಟೆ. "ಬಂದ, ಬಂದ, ಆ ಡ್ರಮ್ ಇಂದಕ್ಕೆ ಓಗು" ಎಂದು ಅಜ್ಜಿ ನನಗೆ ದಾರಿ ತೋರಿಸುತ್ತಿದ್ದರು.

ಒಂದು ಹನಿ ರಕ್ತ ಬೀಳದೆ ಕೊನೆಯ ಬಾಗಿಲಿಗೆ ಬಂದೆವು. ಬಾಗಿಲಿಗೆ ಬೀಗ, ಪಕ್ಕದಲ್ಲೊಬ್ಬ ಕಾವಲುಗಾರ. ಬೀಗದ ಕೈಗೆ ಹುಡುಕದ ಮೂಲೆಯಿಲ್ಲ. ಕೊನೆಗೆ ಗೊತ್ತಾಯಿತು: ಅದು ಅವನ ಜೇಬಿನಲ್ಲಿತ್ತು, ಅವನು ಸತ್ತರೆ ಮಾತ್ರ ಕೆಳಗೆ ಬೀಳುತ್ತಿತ್ತು. ಕೊಲ್ಲದವರು ಆ ಬಾಗಿಲಲ್ಲೇ ಮುಂದಿನ ಜನ್ಮದವರೆಗೆ ನಿಂತಿರಬೇಕು.

ಬರೆದು ಕಳಿಸಿದೆ. ಲೀಡ್ ನಕ್ಕ. "ಯಾರಮ್ಮ ಇದನ್ನ ಸಾಯಿಸ್ದೆ ಆಡ್ತಾರೆ?"

"ಆ ಮೂರನೇ ದೇಶದೋರು" ಎಂದೆ. ನಗು ನಿಂತಿತು.

ಇಷ್ಟು ದಿನ ಯಾರಿಗೂ ಕಾಣದ್ದು ನಿನಗೆ ಹೇಗೆ ಕಂಡಿತು ಎಂದು ತಯಾರಕರು ಕೇಳಿ ಕಳಿಸಿದರು. ನನ್ನ ಸರ್ಕಾರಿ ಶಾಲೆಯ ಇಂಗ್ಲಿಷಿನಲ್ಲಿ ಇದ್ದದ್ದು ಇದ್ದಂತೆ ಬರೆದೆ: ಈ ತಿಂಗಳು ಕೊಲ್ಲಲು ಮನೆ ಓನರ್ ಬಿಡುವುದಿಲ್ಲ. ಅವರು ಮರಳಿ ಕೇಳಿದ್ದು ಒಂದೇ: ಉಳಿದ ತಿಂಗಳು?

ಬಾಗಿಲು ಸರಿಹೋಯಿತು. ಮೂರನೆಯ ದೇಶ ಒಪ್ಪಿತು. ಗಣೇಶನ ಹಬ್ಬದ ಆಸುಪಾಸಿಗೆ ಗೇಮ್ ಬಿಡುಗಡೆಯಾಯಿತು, ನಾನು ಕಾಯಂ ಆದೆ. ಅಪ್ಪ ಬೀದಿಗೆಲ್ಲ ಸಿಹಿ ಹಂಚಿದರು, ಟೆಸ್ಟಿಂಗ್ ಎಂದಷ್ಟೇ ಹೇಳಿ.

ಗಣೇಶನನ್ನು ಬಿಟ್ಟ ಮೇಲಿನ ಭಾನುವಾರ ಅಜ್ಜಿ ಮುದ್ದೆ, ಮಟನ್ ಸಾರು ಹಿಡಿದು ಮೇಲೆ ಬಂದರು. ತಟ್ಟೆ ನನ್ನ ಕೈಗಿತ್ತು ಮಂಚದ ಮೇಲೆ ತಮ್ಮ ಜಾಗದಲ್ಲಿ ಕೂತರು.

"ಬೀಗದ್ ಕೈ ಬಚ್ಚಿಟ್ಕೊಂಡಿದ್ನಲ್ಲ, ಅವ್ನ ತೋರ್ಸು. ಸ್ರಾವಣ ಎಲ್ಲ ಅಲ್ಲು ಕಚ್ಕೊಂಡು ಕಾದಿವ್ನಿ."

ಈಗ ಅವನ ಗೊಡವೆಯೇ ಬೇಡ, ಬೀಗದ ಕೈಯನ್ನು ಗೋಡೆಗೆ ನೇತುಹಾಕಿದ್ದಾರೆ, ಯಾರು ಬೇಕಾದರೂ ತಗೊಂಡು ಹೋಗಬಹುದು ಎಂದು ತೋರಿಸಿದೆ. ಅಜ್ಜಿ ಗೋಡೆ ನೋಡಿದರು, ಕಾವಲುಗಾರನನ್ನು ನೋಡಿದರು.

"ಮತ್ತೆ ಈ ನನ್ಮಗ ಇಲ್ಲಿ ಯಾಕ್ ನಿಂತವ್ನೆ?"

ಇಷ್ಟು ಟೆಸ್ಟ್ ಮಾಡಿದ ನನಗೆ ಈ ತಪ್ಪು ಹೊಳೆದಿರಲಿಲ್ಲ. ವಾರ ಭಾನುವಾರ, ಮಾಸ ಭಾದ್ರಪದ. ತಟ್ಟೆ ಪಕ್ಕಕ್ಕಿಟ್ಟು ಕೈ ಒರೆಸಿಕೊಂಡು, ಹೊಡೆದೆ.