ಮೈದುನನ ಪಾಲಿನ ಸೀಬೆ

ಕ್ಯಾಲನೂರಿನ ಅಕ್ಕಯಮ್ಮನಿಗೆ ಆಯಾಸವಾದಾಗಲೆಲ್ಲ ಸಿಟ್ಟು ಬರುತ್ತಿತ್ತು. ಆಯಾಸವಿಲ್ಲದ ದಿನವಂತೂ ಇರಲಿಲ್ಲ. ಗಂಡ ತೀರಿಕೊಂಡ ಮೇಲೆ ನಿಂಬೆ ತೋಟಕ್ಕೆ ಒಬ್ಬಳೇ ನೀರು ಕಟ್ಟಿ, ಒಬ್ಬಳೇ ಕಾಯಿ ಕಿತ್ತು, ಮೂಟೆಗಳನ್ನು ಕೋಲಾರದ ಮಂಡಿಗೆ ಹಾಕಿ ಬರುವಷ್ಟರಲ್ಲಿ ಸೊಂಟ ಬಿದ್ದುಹೋಗುತ್ತಿತ್ತು. ಆದರೂ ಆ ತೋಟವೇ ಅವಳ ಅನ್ನ.

ಎಪ್ಪತ್ತೆರಡನೇ ಇಸವಿಯಲ್ಲಿ ಅಣ್ಣತಮ್ಮಂದಿರು ಭಾಗವಾದಾಗ ಊರ ಹಿರಿಯರು ನೆಲವನ್ನು ಬೇರೆ, ಮರಗಳನ್ನು ಬೇರೆ ಹಂಚಿದ್ದರು. ತೋಟವೂ ನಿಂಬೆ ಗಿಡಗಳೂ ಅವಳ ಗಂಡನಿಗೆ. ನಿಂಬೆ ಸಾಲುಗಳ ನಡುವೆ ನಿಂತಿದ್ದ ಸೀಬೆ ಮರಗಳು ಮೈದುನ ಚನ್ನರಾಯಪ್ಪನಿಗೆ. ಹಣ್ಣಿನ ಕಾಲ ಬಂತೆಂದರೆ ಅವನ ಮನೆಮಂದಿಯೆಲ್ಲ ಬುಟ್ಟಿ ಹಿಡಿದು ಬಂದು ಪಾತಿ ತುಳಿದು ಹೋಗುತ್ತಿದ್ದರು. ಸರಿಮಾಡುವವಳು ಇವಳು. ಕೊನೆಗೊಂದು ದಿನ ತಡೆಯಲಾರದೆ ಅವನ ಬಾಗಿಲಿಗೇ ಹೋಗಿ ನಿಂತಳು.

"ನಿನ್ನ ಮರ ಕಡ್ಕೊಂಡು ಹೋಗಪ್ಪಾ. ನಂಗೆ ಸಾಕಾಗಿದೆ."

"ಹಣ್ಣು ಬಿಡೋ ಮರ ಅತ್ತಿಗೆ, ಹೆಂಗೆ ಕಡೀಲಿ?"

"ಕಡೀದಿದ್ರೆ ನಾಳೆಯಿಂದ ತೋಟದೊಳಗೆ ಕಾಲಿಡಬೇಡ."

ಅವನು ಕಡಿದ.

ಮುಂದಿನ ಮುಂಗಾರಿಗೆ ನಿಂಬೆ ಚಿಗುರಿದ್ದೇ ತಡ, ಎಳ್ಳಿನಷ್ಟು ಸಣ್ಣ ಹುಳು ಮುತ್ತಿಕೊಂಡಿತು. ಎಲೆ ಮುರುಟಿತು. ವರ್ಷ ಕಳೆಯುವಷ್ಟರಲ್ಲಿ ಗಿಡಗಳು ಹಳದಿಯಾಗಿ ತುದಿಯಿಂದ ಒಣಗತೊಡಗಿದವು. ಔಷಧಿ ಹೊಡೆದರೆ ಹುಳು ಹೋಗಿ ಮತ್ತೆ ಬರುತ್ತಿತ್ತು. ಬಾವಿ ಪಕ್ಕದ ನಾಲ್ಕು ಗಿಡ ಮಾತ್ರ ಹಸಿರಾಗಿದ್ದವು. ಯಾಕೆಂದು ಹೋಗಿ ನೋಡಿದರೆ, ಕಡಿದ ಸೀಬೆಯ ಮೋಟೊಂದು ಅಲ್ಲಿ ಮತ್ತೆ ಚಿಗುರಿ ಆಳೆತ್ತರದ ಪೊದೆಯಾಗಿತ್ತು. ಎಲೆ ಹೊಸಕಿದಳು, ಘಾಟು ಮೂಗಿಗೆ ಹೊಡೆಯಿತು. ಆ ಸೊಪ್ಪನ್ನೇ ಮುರಿದು ಇನ್ನೊಂದು ಗಿಡದ ಚಿಗುರಿಗೆ ಕಟ್ಟಿದಳು. ಸೊಪ್ಪು ಹಸಿಯಾಗಿ ವಾಸನೆ ಇರುವವರೆಗೆ ಹುಳು ಹತ್ತಿರ ಸುಳಿಯಲಿಲ್ಲ, ಒಣಗಿದ ಮೇಲೆ ಬಂತು. ಅಕ್ಕಯಮ್ಮನಿಗೆ ಆಗ ತಿಳಿಯಿತು. ಇಷ್ಟು ವರ್ಷ ತನ್ನ ತೋಟವನ್ನು ಕಾದದ್ದು ಮೈದುನನ ಪಾಲು.

ಸೌದೆಗೆಂದು ಮೋಟು ಅಗೆಯಲು ಚನ್ನರಾಯಪ್ಪ ಹಾರೆ ತಂದಾಗ ಅವಳು ಅಡ್ಡ ನಿಂತು ಎಲ್ಲವನ್ನೂ ಹೇಳಿದಳು.

"ಅದೊಂದು ಇರಲಿ ಕಣಪ್ಪಾ."

ಅವನು ಒಣಗಿದ ಸಾಲುಗಳನ್ನು ನೋಡಿದ. "ಆಯ್ತು ಅತ್ತಿಗೆ," ಎಂದು ಹಾರೆ ಹೆಗಲಿಗೇರಿಸಿ ಹೋದ.

ಬೇಸಿಗೆಗೆ ಆ ನಾಲ್ಕು ಗಿಡ ಬಿಟ್ಟು ಉಳಿದವೆಲ್ಲ ಸತ್ತವು. ಕಡಿಯುವ ತ್ರಾಣ ಅವಳಿಗಿರಲಿಲ್ಲ. ಕರೆಯದೆಯೇ ಚನ್ನರಾಯಪ್ಪ ಕೊಡಲಿ ತಂದು ಒಂದೊಂದಾಗಿ ಕಡಿದ. ಅವಳು ಕೊಟ್ಟ ಮಜ್ಜಿಗೆ ಕುಡಿದು ಬಾಯಿ ಒರೆಸಿಕೊಂಡು ಮುಂದಿನ ಗಿಡಕ್ಕೆ ಹೋದ. ಒಂದು ಮಾತು ಬೈದಿದ್ದರೆ ಅವಳೂ ತಿರುಗಿ ಬೈದು ಹಗುರಾಗುತ್ತಿದ್ದಳು. ಅವನು ಬೈಯಲೇ ಇಲ್ಲ.